ಮೊದಲು ಯಾವುದು? ನಾಂಪಲ್ಲಿ ನೆನೆಯುವ ಇಬ್ಬರು ದಿವಾನರು

ಕಲಬುರಗಿಯಿಂದ ಹೈದರಾಬಾದಿಗೆ ರೈಲಿನಲ್ಲಿ ಹೋಗುವವರ ಟಿಕೆಟ್ಟಿನ ಮೇಲೆ ‘ಹೈದರಾಬಾದ್ ಡೆಕ್ಕನ್’ ಎಂದಿರುತ್ತದೆ. ಬಾಯಲ್ಲಿ ಮಾತ್ರ ಯಾರೂ ಹಾಗೆ ಹೇಳುವುದಿಲ್ಲ, ನಾಂಪಲ್ಲಿ ಎಂದೇ ಹೇಳುತ್ತಾರೆ. ವಾಡಿಯಿಂದ ಸಿಕಂದರಾಬಾದಿನವರೆಗೆ 1874ರಲ್ಲೇ ನಿಜಾಮರ ರೈಲು ಓಡಿತ್ತು. ನಾಂಪಲ್ಲಿಯ ನಿಲ್ದಾಣ 1907ರದು. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ 1956ರ ನವೆಂಬರ್ 1ರವರೆಗೆ ಹೈದರಾಬಾದೇ ರಾಜಧಾನಿ. ದಫ್ತರಿನ ನೌಕರಿಗೆ, ಹೈಕೋರ್ಟಿನ ತಕರಾರಿಗೆ, ಮಕ್ಕಳ ಕಾಲೇಜಿಗೆ, ಜನವರಿ ಬಂದರೆ ನುಮಾಯಿಷ್ ಎಂಬ ಪ್ರದರ್ಶನ ನೋಡಲಿಕ್ಕೆ ಅವರು ಬಂದದ್ದು ಈ ಊರಿಗೇ.

ನಿಲ್ದಾಣದ ಆಸುಪಾಸಿನಲ್ಲೇ ಯೂಸುಫೈನ್ ದರ್ಗಾ ಇದೆ, ಬಾಗ್-ಎ-ಆಮ್ ಉದ್ಯಾನ ಇದೆ, ಸರೋಜಿನಿ ನಾಯ್ಡು ಬಾಳಿದ ‘ಗೋಲ್ಡನ್ ಥ್ರೆಶೋಲ್ಡ್’ ಮನೆ ಇದೆ, ನುಮಾಯಿಷ್ ನಡೆಯುವ ವಿಶಾಲ ಮೈದಾನವಿದೆ. ಈ ನೆಲದ ಚರಿತ್ರೆ ಕೆದಕಿದರೆ ಮೈಸೂರಿನ ಇಬ್ಬರ ಹೆಸರು ಸಿಗುತ್ತದೆ. ಒಬ್ಬರು ದಿವಾನರಾಗುವ ಮೊದಲು ಹೈದರಾಬಾದಿಗೆ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಇನ್ನೊಬ್ಬರು ದಿವಾನಗಿರಿ ಬಿಟ್ಟ ಮೇಲೆ ಬಂದ ಸರ್ ಮಿರ್ಜಾ ಇಸ್ಮಾಯಿಲ್. ಇಬ್ಬರೂ ಬಂದಾಗ ಊರು ಸಂಕಟದಲ್ಲಿತ್ತು. ಇಬ್ಬರ ಮೇಜಿನ ಮೇಲೂ ಒಬ್ಬ ಮನುಷ್ಯ ಹೊರಲಾರದಷ್ಟು ಕೆಲಸವಿತ್ತು. ಇಬ್ಬರೂ ಇಳಿವಯಸ್ಸಿನಲ್ಲಿ ತಮ್ಮ ನೆನಪುಗಳನ್ನು ಬರೆದಿಟ್ಟರು. ವಿಶ್ವೇಶ್ವರಯ್ಯನವರ ‘ಮೆಮೊಯಿರ್ಸ್ ಆಫ್ ಮೈ ವರ್ಕಿಂಗ್ ಲೈಫ್’ 1951ರಲ್ಲಿ ಬಂತು, ಸರ್ ಮಿರ್ಜಾ ಅವರ ‘ಮೈ ಪಬ್ಲಿಕ್ ಲೈಫ್’ 1954ರಲ್ಲಿ. ಕೆಲಸ ತಲೆಯ ಮೇಲೆ ಕುಸಿದು ಬಿದ್ದಾಗ ಹಿರಿಯ ಸ್ಥಾನದಲ್ಲಿ ಕುಳಿತವರು ಯಾವುದಕ್ಕೆ ಮೊದಲು ಕೈ ಹಾಕಬೇಕು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಇವರಿಬ್ಬರ ಹೈದರಾಬಾದಿನ ದಿನಗಳನ್ನು ಒಟ್ಟಿಗೆ ನೆನೆಯಬೇಕು.

ಮೊದಲ ಕತೆ ಶುರುವಾಗುವುದು ಮಳೆಯಿಂದ.

1908ರ ಸೆಪ್ಟೆಂಬರ್ ಕೊನೆಯ ವಾರ ಮೂಸಿ ನದಿಯ ಮೇಲ್ಭಾಗದಲ್ಲಿ ಬಿದ್ದ ಮಳೆಯನ್ನು ಊರು ಅದುವರೆಗೆ ಕಂಡಿರಲಿಲ್ಲ. ಶಂಶಾಬಾದಿನಲ್ಲಿ 24 ಗಂಟೆಯಲ್ಲಿ 12.8 ಅಂಗುಲ ಸುರಿಯಿತು. ನದಿಯ ಜಲಾನಯನದಲ್ಲಿ ಚಿಕ್ಕದು ದೊಡ್ಡದು ಸೇರಿ 788 ಕೆರೆಗಳಿದ್ದವು. ಮೇಲಿನ ಕೆರೆ ಒಡೆದ ನೀರು ಕೆಳಗಿನ ಕೆರೆಗೆ ನುಗ್ಗಿ ಅದನ್ನೂ ಒಡೆಯಿತು. ಹೀಗೆ 221 ಕೆರೆಗಳು ಹೋದವು. ಸೆಪ್ಟೆಂಬರ್ 28ರಂದು ಆ ನೀರೆಲ್ಲ ಒಟ್ಟಾಗಿ ನಗರಕ್ಕೆ ಬಂತು. ಅಫ್ಜಲ್‌ಗಂಜ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋದವು. ಕುತುಬ್‌ಶಾಹಿ ಕಾಲದ ಪುರಾನಾಪುಲ್ ಪೆಟ್ಟು ತಿಂದರೂ ನಿಂತಿತು. ಸತ್ತವರು ಸುಮಾರು 15,000 ಎಂದು ಲೆಕ್ಕ ಹಾಕುತ್ತಾರೆ. ಮನೆ ಕಳೆದುಕೊಂಡವರು ಅದರ ಎಷ್ಟೋ ಪಟ್ಟು. ಅಫ್ಜಲ್‌ಗಂಜ್ ಆಸ್ಪತ್ರೆಯ ಅಂಗಳದ ಹುಣಸೆ ಮರ ಹತ್ತಿ ನೂರೈವತ್ತು ಜನ ಬದುಕಿಕೊಂಡರು. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರ ಈಗಲೂ ಇದೆ.

ಆರನೆಯ ನಿಜಾಂ ಮೀರ್ ಮೆಹಬೂಬ್ ಅಲಿ ಖಾನರ ಸರ್ಕಾರ ಗಂಜಿ ಕೇಂದ್ರ ತೆರೆಯಿತು, ದಿಕ್ಕಿಲ್ಲದವರಿಗೆ ಆಸರೆ ಕೊಟ್ಟಿತು. ಸರೋಜಿನಿ ನಾಯ್ಡು ಪರಿಹಾರದ ಕೆಲಸಕ್ಕೆ ಇಳಿದರು. ಹಸಿದವರಿಗೆ ಅನ್ನ, ಹೆಣಗಳಿಗೆ ಸಂಸ್ಕಾರ, ಬೀದಿಯಲ್ಲಿ ನಿಂತವರಿಗೆ ಸೂರು: ಇವು ಕಾಯುವಂಥ ಕೆಲಸಗಳಲ್ಲ, ಯಾರ ವರದಿಗೂ ಕಾಯಲೂ ಇಲ್ಲ. ಆದರೆ ಹೊಟ್ಟೆಯ ಹಸಿವು ತಣಿದ ಮೇಲೆ ಸಂಸ್ಥಾನದ ಮುಂದೆ ಕಠಿಣವಾದ ಕೆಲಸಗಳು ಸಾಲಾಗಿ ನಿಂತವು. ಬಿದ್ದ ಸೇತುವೆ ಕಟ್ಟಬೇಕು. ಬಿದ್ದ ಕೇರಿಗಳನ್ನು ಎಬ್ಬಿಸಬೇಕು. ರಸ್ತೆ ಬೇಕು, ಆಸ್ಪತ್ರೆ ಬೇಕು, ಚರಂಡಿ ಬೇಕು. ಮತ್ತೊಂದು ಮಳೆಗಾಲ ಬರುವುದಿತ್ತು.

ವಿಶ್ವೇಶ್ವರಯ್ಯನವರು ಆಗಷ್ಟೇ ಮುಂಬಯಿ ಸರ್ಕಾರದ ನೌಕರಿ ಬಿಟ್ಟಿದ್ದರು. 1884ರಿಂದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದಿದ್ದರು. ಸಿಂಧ್ ಪ್ರಾಂತ್ಯದ ಸಕ್ಕರ್‌ಗೆ ಕುಡಿಯುವ ನೀರು ತಂದಿದ್ದರು, ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿ ತಾನಾಗಿ ತೆರೆದು ಮುಚ್ಚುವ ತೂಬಿನ ಬಾಗಿಲು ಇಟ್ಟಿದ್ದರು, ಏಡನ್‌ಗೆ ಹೋಗಿ ನೀರು ಮತ್ತು ಚರಂಡಿಯ ಯೋಜನೆ ಮಾಡಿಕೊಟ್ಟಿದ್ದರು. ನೌಕರಿ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದಾಗ ಇಟಲಿಯಲ್ಲಿ ಅವರಿಗೆ ನಿಜಾಂ ಸರ್ಕಾರದ ಕರೆ ತಲುಪಿತು. ಪ್ರವಾಸ ಮುಗಿಸಿ 1909ರ ಏಪ್ರಿಲ್ 15ರಂದು ಅವರು ಹೈದರಾಬಾದಿಗೆ ಬಂದರು. ಮುಂಗಾರಿಗೆ ಎರಡು ತಿಂಗಳೂ ಉಳಿದಿರಲಿಲ್ಲ.

ಅವರ ಕೈಗೆ ಕೊಟ್ಟ ಕೆಲಸ ಮೂರು. ಹಾಳಾದ ನಗರವನ್ನು ಮತ್ತೆ ಕಟ್ಟಲು ಸಲಹೆ ಮತ್ತು ನೆರವು ಕೊಡುವುದು ಒಂದು. ಮುಂದೆ ಎಂದೂ ಇಂಥ ಪ್ರವಾಹ ನಗರವನ್ನು ಮುಳುಗಿಸದಂತೆ ಉಪಾಯ ಸೂಚಿಸುವುದು ಎರಡು. ಹೈದರಾಬಾದ್ ನಗರಕ್ಕೂ ಚಾದರ್‌ಘಾಟ್ ಭಾಗಕ್ಕೂ ಪೂರ್ತಿ ಒಳಚರಂಡಿಯ ಯೋಜನೆ ತಯಾರಿಸುವುದು ಮೂರು. ಒಂದೊಂದೂ ಒಬ್ಬ ಇಂಜಿನಿಯರಿನ ವರ್ಷಗಳನ್ನೇ ನುಂಗುವಂಥದು. ಮೂರನ್ನೂ ಒಟ್ಟಿಗೆ ಎಳೆದುಕೊಂಡು ಹೋದರೆ ಮೂರೂ ಅರ್ಧಕ್ಕೆ ನಿಲ್ಲುವ ಅಪಾಯವಿತ್ತು.

ಜನರ ಕಣ್ಣಿಗೆ ರಾಚುತ್ತಿದ್ದದ್ದು ಮೊದಲನೆಯದು. ಕುಸಿದ ಗೋಡೆ, ಮಣ್ಣು ತುಂಬಿದ ಓಣಿ, ಸೇತುವೆಯಿಲ್ಲದ ನದಿ. ಯಾವ ಅಧಿಕಾರಿ ಬಂದರೂ ಅಲ್ಲಿಂದಲೇ ಶುರುಮಾಡಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ, ಹೊಗಳುತ್ತಿದ್ದರು. ವಿಶ್ವೇಶ್ವರಯ್ಯನವರ ಲೆಕ್ಕವೆಲ್ಲ ನಡೆದದ್ದು ಎರಡನೆಯದರ ಸುತ್ತ. ಅವರ ನೆರವಿಗೆ ಕೊಟ್ಟ ಇಂಜಿನಿಯರುಗಳು ನದಿಯ ಮೇಲ್ಭಾಗವನ್ನು ಅಳೆದರು. ಮಳೆಯ ಅಂಕಿಗಳನ್ನು ಒಟ್ಟುಮಾಡಿ ದೇಶದ ಬೇರೆ ಕಡೆ ಬಿದ್ದ ಭಾರಿ ಮಳೆಗಳ ಜೊತೆ ಹೋಲಿಸಿದರು. ಎಷ್ಟು ಕೆರೆ ಒಡೆದವು, ನೀರು ಎಲ್ಲಿಂದ ಬಂತು, ಊರಿನ ಬಳಿ ಹರಿವು ಎಷ್ಟಿತ್ತು ಎಂದು ಲೆಕ್ಕ ಹಾಕಿದರು. ನದಿ ಉಕ್ಕಿದ ಗಳಿಗೆಯಲ್ಲಿ ಹರಿವು ಸುಮಾರು 4.25 ಲಕ್ಷ ಕ್ಯೂಸೆಕ್ ಎಂಬ ಅಂದಾಜಿಗೆ ಬಂದರು.

ಈ ಆಯ್ಕೆಯ ಹಿಂದಿನ ತರ್ಕ ಇಂಜಿನಿಯರಲ್ಲದವರಿಗೂ ಅರ್ಥವಾಗುವಂಥದು. ನದಿಯ ನೀರು ಮುಂದೆ ಎಷ್ಟು ಎತ್ತರಕ್ಕೆ ಏರಬಹುದು ಎಂಬುದು ತಿಳಿಯದೆ ದಂಡೆಯ ಮೇಲೆ ಮನೆ ಎಷ್ಟು ಎತ್ತರದಲ್ಲಿ ಕಟ್ಟಬೇಕು ಎಂದು ಹೇಳಲಾಗದು. ಸೇತುವೆಯ ಕಮಾನು ಎಷ್ಟು ಎತ್ತರವಿರಬೇಕು ಎಂದು ಹೇಳಲಾಗದು. ಚರಂಡಿಯ ಬಾಯಿ ಯಾವ ಮಟ್ಟದಲ್ಲಿ ತೆರೆಯಬೇಕು ಎಂದೂ ಹೇಳಲಾಗದು. ಮೊದಲ ಕೆಲಸವೂ ಮೂರನೆಯ ಕೆಲಸವೂ ಎರಡನೆಯದರ ಉತ್ತರಕ್ಕೆ ಕಾಯುತ್ತಿದ್ದವು. ಅದರ ಉತ್ತರ ಸಿಕ್ಕರೆ ಉಳಿದೆರಡರ ಅರ್ಧ ಗೊಂದಲ ತಾನೇ ಕರಗುತ್ತಿತ್ತು. ಇನ್ನೊಂದು ಮಾತೂ ಇದೆ. ಗೋಡೆ ಎಬ್ಬಿಸಲು, ಓಣಿಯ ಮಣ್ಣು ತೆಗೆಸಲು ನಗರದಲ್ಲೇ ಅಧಿಕಾರಿಗಳಿದ್ದರು, ಗೌಂಡಿಗಳಿದ್ದರು, ಸಂಸ್ಥಾನದ ಖಜಾನೆಯಿತ್ತು. ನದಿಯ ಲೆಕ್ಕ ಹಾಕಬಲ್ಲವರನ್ನು ಮಾತ್ರ ಹೊರಗಿನಿಂದ ಕರೆಸಬೇಕಾಗಿತ್ತು.

1909ರ ಅಕ್ಟೋಬರ್ 1ರಂದು ಪ್ರವಾಹ ರಕ್ಷಣೆಯ ವರದಿ ಸರ್ಕಾರದ ಕೈ ಸೇರಿತು. ಬಂದು ಆರು ತಿಂಗಳು ತುಂಬಿರಲಿಲ್ಲ. ವರದಿಯ ಮುಖ್ಯ ಸೂಚನೆ ನಗರದ ಮೇಲ್ಭಾಗದಲ್ಲಿ ಮೂಸಿಗೂ ಅದರ ಉಪನದಿ ಈಸಿಗೂ ಅಣೆಕಟ್ಟು ಕಟ್ಟಿ, ಉಕ್ಕುವ ನೀರನ್ನು ಅಲ್ಲೇ ತಡೆಹಿಡಿದು ಮೆಲ್ಲಗೆ ಬಿಡುವುದು. ನಗರದೊಳಗೆ ದಂಡೆಗಳನ್ನು ಎತ್ತರಿಸಿ, ನದಿಯ ಅಂಚನ್ನು ಉದ್ಯಾನ ಮಾಡಿ ಜನ ಓಡಾಡುವಂತೆ ಮಾಡುವುದು ಇನ್ನೊಂದು ಸೂಚನೆ.

ಇಷ್ಟು ಹೊತ್ತಿಗೆ ಮೈಸೂರಿನಿಂದ ಕರೆ ಬಂದಿತ್ತು. ದಿವಾನ್ ಟಿ. ಆನಂದರಾಯರ ಕಾಲ. ಚೀಫ್ ಇಂಜಿನಿಯರ್ ಸ್ಥಾನಕ್ಕೆ ಬನ್ನಿ ಎಂದಿತ್ತು ಮೈಸೂರು. ವಿಶ್ವೇಶ್ವರಯ್ಯನವರು ತಕ್ಷಣ ಒಪ್ಪಲಿಲ್ಲ. ಬರಿಯ ಹುದ್ದೆಯಲ್ಲ, ಕೈಗಾರಿಕೆಗೂ ತಾಂತ್ರಿಕ ಶಿಕ್ಷಣಕ್ಕೂ ಅವಕಾಶವಿದೆಯೇ ಎಂದು ಕೇಳಿ ತಿಳಿದುಕೊಂಡ ಮೇಲೆ ಒಪ್ಪಿದರು. 1909ರ ನವೆಂಬರ್ 15ರಂದು ಮೈಸೂರಿನಲ್ಲಿ ಅಧಿಕಾರ ವಹಿಸಿಕೊಂಡರು. ಹೈದರಾಬಾದಿನ ಅಣೆಕಟ್ಟುಗಳನ್ನು ಕಟ್ಟಿದವರು ಬೇರೆ ಇಂಜಿನಿಯರುಗಳು. 1920ರಲ್ಲಿ ಉಸ್ಮಾನ್ ಸಾಗರ ಮುಗಿಯಿತು, 1927ರಲ್ಲಿ ಹಿಮಾಯತ್ ಸಾಗರ. ತಾವು ಇಲ್ಲದಿದ್ದರೂ ನಡೆಯುವಂಥ ಸ್ಥಿತಿಗೆ ಕೆಲಸವನ್ನು ತಂದು ಅವರು ಹೊರಟಿದ್ದರು. ಎಲ್ಲವನ್ನೂ ತಾನೇ ನಿಂತು ಮುಗಿಸಬೇಕು ಎಂದು ಹಟ ಹಿಡಿದು ಕುಳಿತಿದ್ದರೆ ಅವರು ಇನ್ನೂ ಹದಿನೆಂಟು ವರ್ಷ ಹೈದರಾಬಾದಿನಲ್ಲೇ ಇರಬೇಕಾಗುತ್ತಿತ್ತು, ಮೈಸೂರಿನ ಕನ್ನಂಬಾಡಿ ಅಣೆಕಟ್ಟಿಗೆ ಬೇರೆ ಯಾರನ್ನೋ ಹುಡುಕಬೇಕಾಗುತ್ತಿತ್ತು.

ಮೂರನೆಯ ಕೆಲಸ, ಒಳಚರಂಡಿ, ಹಿಂದೆ ಬಿತ್ತು. ಈ ಕ್ರಮಕ್ಕೆ ಬೆಲೆಯಿತ್ತು ಎಂಬುದನ್ನು ಮುಚ್ಚಿಡಬಾರದು. ಆ ಕೆಲಸಕ್ಕೆ ಸಲಹೆ ಕೇಳಿ 1922ರಲ್ಲಿ ಸಂಸ್ಥಾನ ಅವರನ್ನು ಮತ್ತೆ ಕರೆಸಿಕೊಂಡಿತು. ಅಷ್ಟರಲ್ಲಿ ಹದಿಮೂರು ವರ್ಷ ಕಳೆದಿದ್ದವು, ಅವರು ಮೈಸೂರಿನ ದಿವಾನಗಿರಿಯನ್ನೂ ಮುಗಿಸಿ ನಾಲ್ಕು ವರ್ಷವಾಗಿತ್ತು. ಒಂದು ಕೆಲಸವನ್ನು ಮುಂದಿಟ್ಟರೆ ಇನ್ನೊಂದು ಹಿಂದೆ ಬೀಳುತ್ತದೆ, ಹಿಂದೆ ಬಿದ್ದದ್ದರ ನೋವನ್ನು ಕೊಳಕು ಗಟಾರದ ಪಕ್ಕದ ಓಣಿಯವರು ಉಣ್ಣುತ್ತಾರೆ. ಆದ್ಯತೆ ಕಟ್ಟುವವರು ಮರೆಯಬಾರದ ಸಂಗತಿ ಇದು.

ನಾಂಪಲ್ಲಿಗೆ ಈ ವರದಿಯ ಫಲ ಬೇರೆ ದಾರಿಯಲ್ಲಿ ಬಂತು. ಏಳನೆಯ ನಿಜಾಂ ಮೀರ್ ಉಸ್ಮಾನ್ ಅಲಿ ಖಾನರು ಪಟ್ಟಕ್ಕೆ ಬಂದ ಮರುವರ್ಷ, 1912ರಲ್ಲಿ, ನಗರ ಸುಧಾರಣಾ ಮಂಡಳಿಯನ್ನು ಸ್ಥಾಪಿಸಿದರು. ಪ್ರವಾಹ ಕಲಿಸಿದ ಪಾಠದಿಂದ ಹುಟ್ಟಿದ ಮಂಡಳಿ ಅದು. ಇಕ್ಕಟ್ಟಾದ ಕೇರಿಗಳನ್ನು ತೆರವು ಮಾಡಿ, ಗಾಳಿ ಬೆಳಕು ಬರುವ ಹೊಸ ಮನೆಗಳನ್ನು ಕಟ್ಟಿಸಿ, ರಸ್ತೆ ಅಗಲ ಮಾಡುವ ಕೆಲಸ ಅದು ಹಿಡಿಯಿತು. ಹಾಗೆ ಕೈಗೆತ್ತಿಕೊಂಡ ಕೇರಿಗಳಲ್ಲಿ ನಾಂಪಲ್ಲಿಯೂ ಒಂದು. ಪಥ್ಥರ್‌ಗಟ್ಟಿಯ ಕಲ್ಲಿನ ಅಂಗಡಿ ಸಾಲು, ನಾಂಪಲ್ಲಿಗೆ ಸಮೀಪದ ಮೊಅಝಂ ಜಾಹಿ ಮಾರುಕಟ್ಟೆ ಇದೇ ಮಂಡಳಿಯ ಕೈಯಿಂದ ಆದವು. ಮಾರುಕಟ್ಟೆ 1935ರದು. ನದಿಯ ಭಯ ಕಡಿಮೆಯಾದ ಮೇಲೆ ಕಟ್ಟಿದ ನಗರ ಇದು. ಉಸ್ಮಾನ್ ಸಾಗರದ ನೀರು ಕುಡಿಯಲಿಕ್ಕೂ ಬಂತು. ಊರವರ ಬಾಯಲ್ಲಿ ಅದು ಗಂಡಿಪೇಟೆಯ ನೀರು. ಒಮ್ಮೆ ಆ ನೀರು ಕುಡಿದವರು ಹೈದರಾಬಾದ್ ಬಿಟ್ಟು ಹೋಗುವುದಿಲ್ಲ ಎಂಬ ಮಾತನ್ನು ಕಲಬುರಗಿ, ಬೀದರಿನಿಂದ ಹೋಗಿ ಅಲ್ಲೇ ನೆಲೆನಿಂತ ಎಷ್ಟೋ ಮನೆತನಗಳು ನಿಜಮಾಡಿ ತೋರಿಸಿವೆ.

ಎರಡನೆಯ ಹೆಸರಿಗೆ ಬರುವ ಮುನ್ನ ಬೆಂಗಳೂರಿನ ಒಂದು ಪ್ರಸಂಗ. ಮಿರ್ಜಾ ಇಸ್ಮಾಯಿಲ್ ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಓದಿದವರು. ಅವರ ಖಾಸಗಿ ಕಾರ್ಯದರ್ಶಿಯಾಗಿ ದುಡಿದು 1926ರಲ್ಲಿ ದಿವಾನರಾದರು. ಎರಡು ವರ್ಷ ಕಳೆದ ಮೇಲೆ, 1928ರಲ್ಲಿ, ಸುಲ್ತಾನ್‌ಪೇಟೆಯ ಶಾಲೆಯ ಗಣಪತಿ ವಿಗ್ರಹದ ವಿಚಾರ ಬೆಂಗಳೂರಿನಲ್ಲಿ ಗಲಭೆಗೆ ತಿರುಗಿತು. ದಿವಾನರು ಮುಸ್ಲಿಮರು, ವಿವಾದ ಗಣಪತಿಯದು, ಜನ ರೊಚ್ಚಿಗೆದ್ದಿದ್ದರು. ಇಂಥ ಹೊತ್ತಿನಲ್ಲಿ ಸತ್ಯ ಏನೆಂದು ದಿವಾನರೇ ಹೇಳಿದರೆ ಅರ್ಧ ಊರು ನಂಬುತ್ತಿರಲಿಲ್ಲ. ವಿಚಾರಣಾ ಸಮಿತಿಯ ಅಧ್ಯಕ್ಷತೆ ಹೋದದ್ದು ಮಾಜಿ ದಿವಾನ ವಿಶ್ವೇಶ್ವರಯ್ಯನವರಿಗೆ. ಯಾವ ಕೆಲಸ ತನ್ನ ಕೈಯಿಂದ ಸರಿಹೋಗದೋ ಅದನ್ನು ನಂಬಿಗಸ್ತರ ಕೈಗೆ ಕೊಡುವುದಕ್ಕೂ ಎದೆಗಾರಿಕೆ ಬೇಕು. ಎಷ್ಟೋ ಮೇಲಧಿಕಾರಿಗಳು ದಣಿಯುವುದು ಇದೊಂದನ್ನು ಮಾಡಲಾಗದೆ. ಕೊಟ್ಟರೆ ಹಿಡಿತ ತಪ್ಪುತ್ತದೆ ಎಂಬ ಭಯ ಅವರನ್ನು ಕಾಡುತ್ತದೆ.

ಸರ್ ಮಿರ್ಜಾ ಬೆಳಗಿನ ಸುತ್ತಾಟಕ್ಕೆ ಹೆಸರಾದವರು. ಕುದುರೆಯೇರಿ ಊರು ಸುತ್ತುವುದು, ಒಡೆದ ಕಲ್ಲುಹಾಸು, ಒಣಗಿದ ಗಿಡ, ಕಸದ ರಾಶಿ ಕಂಡಲ್ಲಿ ಸಂಬಂಧಪಟ್ಟವರಿಗೆ ಹೇಳಿ ಸರಿಮಾಡಿಸುವುದು ಅವರ ದಿನಚರಿ. ಬೃಂದಾವನದ ತೋಟಕ್ಕೂ ಬೆಂಗಳೂರಿನ ಪುರಭವನಕ್ಕೂ ಈ ಕಣ್ಣೇ ಕಾರಣ. ಇಷ್ಟು ದೊಡ್ಡ ಹುದ್ದೆಯವರಿಗೆ ಇಷ್ಟು ಸಣ್ಣ ವಿಷಯ ಏಕೆ ಎಂದು ಕೇಳಿದವರೂ ಇದ್ದರು. ಆದರೆ ಇದೇ ಅವಧಿಯಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ ಎದ್ದವು, 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂತು. ಬೆಳಗಿನ ಗಂಟೆಯಲ್ಲಿ ಸ್ಥಳದಲ್ಲೇ ತೀರಿದ ವಿಷಯ ಕಡತವಾಗಿ ಬೆಳೆದು ಮಧ್ಯಾಹ್ನ ಮೇಜಿಗೆ ಬರುತ್ತಿರಲಿಲ್ಲ. ಸಣ್ಣದಕ್ಕೆ ದಿನದಲ್ಲಿ ಒಂದು ಹೊತ್ತನ್ನು ಕಟ್ಟಿಕೊಟ್ಟಿದ್ದರಿಂದಲೇ ದೊಡ್ಡದಕ್ಕೆ ಉಳಿದ ಹೊತ್ತು ದಕ್ಕಿತು.

ಮೈಸೂರು, ಆಮೇಲೆ ಜಯಪುರ, ಅದಾದ ಮೇಲೆ 1946ರ ಆಗಸ್ಟ್‌ನಲ್ಲಿ ಹೈದರಾಬಾದ್. ನಿಜಾಮರ ಕಾರ್ಯಕಾರಿ ಮಂಡಳಿಯ ಅಧ್ಯಕ್ಷರು, ಜನರ ಮಾತಿನಲ್ಲಿ ಪ್ರಧಾನ ಮಂತ್ರಿ. ಜಿನ್ನಾ ಅವರಿಗೆ ಈ ನೇಮಕ ಬೇಡವಾಗಿತ್ತು. ಬಂದಾಗ ಎದುರಿದ್ದದ್ದನ್ನು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ. ಅದೇ ವರ್ಷದ ಜುಲೈ 4ರಂದು ಕಡವೆಂಡಿ ಹಳ್ಳಿಯಲ್ಲಿ ಹೋರಾಟಗಾರ ದೊಡ್ಡಿ ಕೊಮರಯ್ಯ ಗುಂಡಿಗೆ ಬಲಿಯಾಗಿ ತೆಲಂಗಾಣದ ರೈತರ ಹೋರಾಟ ಹೊತ್ತಿಕೊಂಡಿತ್ತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಮೇಲಿನ ನಿಷೇಧ ಆಗಷ್ಟೇ ತೆಗೆದಿತ್ತು, ಸರ್ಕಾರ ಮುಂದಿಟ್ಟ ಸುಧಾರಣೆಗಳನ್ನು ಅದು ಒಪ್ಪಿರಲಿಲ್ಲ. ಇನ್ನೊಂದು ಕಡೆ ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷ ದಿನದಿನಕ್ಕೆ ಬಿರುಸಾಗುತ್ತಿತ್ತು. 1947ರ ಫೆಬ್ರವರಿ 20ರಂದು ಬ್ರಿಟನ್ನಿನ ಪ್ರಧಾನಿ ಆಟ್ಲಿ ಭಾರತ ಬಿಡುವ ಗಡುವನ್ನು ಸಾರಿದರು. ಸಂಸ್ಥಾನ ಯಾವ ಕಡೆ ಹೋಗಬೇಕು ಎಂಬ ಪ್ರಶ್ನೆ ಉಳಿದೆಲ್ಲ ಪ್ರಶ್ನೆಗಳ ಮೇಲೆ ಕುಳಿತಿತು.

ಇಂಥ ವರ್ಷದಲ್ಲಿ ನಾಂಪಲ್ಲಿಗೆ ಒಂದು ಮೈದಾನ ಸಿಕ್ಕಿತು. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ಸಂಸ್ಥಾನದ ಆರ್ಥಿಕ ಸಮೀಕ್ಷೆ ನಡೆಸಬೇಕೆಂದು ಹೊರಟಿದ್ದರು, ಅದಕ್ಕೆ ಹಣ ಬೇಕಿತ್ತು. ಹಣ ಕೂಡಿಸಲು 1938ರಲ್ಲಿ ಬಾಗ್-ಎ-ಆಮ್‌ನಲ್ಲಿ ನಾಡಿನ ಕೈಗಾರಿಕೆಯ ಸರಕುಗಳ ಒಂದು ಪುಟ್ಟ ಪ್ರದರ್ಶನ ಏರ್ಪಡಿಸಿದರು. ಮಳಿಗೆಗಳು ಐವತ್ತರ ಆಸುಪಾಸು. ವರ್ಷ ವರ್ಷ ಜನ ಹೆಚ್ಚಿ ಉದ್ಯಾನ ಸಾಲದಾಯಿತು. 1946ರಲ್ಲಿ ಅದು ಇಂದಿನ ಜಾಗಕ್ಕೆ, ಇಪ್ಪತ್ತು ಎಕರೆಗೂ ಮೀರಿದ ಮೈದಾನಕ್ಕೆ ಬಂತು. ನುಮಾಯಿಷ್‌ನ ಕತೆ ಹೇಳುವವರು ಈ ಸ್ಥಳಾಂತರದ ಜೊತೆ ಸರ್ ಮಿರ್ಜಾ ಹೆಸರನ್ನು ತಪ್ಪದೆ ಹೇಳುತ್ತಾರೆ. ದೇಶ ಒಡೆದ ಗದ್ದಲ, ಸಂಸ್ಥಾನದ ಮೇಲೆ ಭಾರತ ನಡೆಸಿದ ಪೊಲೀಸ್ ಕಾರ್ಯಾಚರಣೆ ಎಂದು 1947, 1948ರಲ್ಲಿ ಪ್ರದರ್ಶನ ನಿಂತಿತು. 1949ರಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿ ಬಂದು ಮತ್ತೆ ತೆರೆದರು. ಇಂದು ಜನವರಿ 1ರಿಂದ ಫೆಬ್ರವರಿ ನಡುವಿನವರೆಗೆ ಎರಡು ಸಾವಿರಕ್ಕೂ ಹೆಚ್ಚು ಮಳಿಗೆಗಳ ಜಾತ್ರೆ ಅದು. ಉಳಿತಾಯದ ಹಣದಿಂದ ಪ್ರದರ್ಶನ ಸಂಘ ಶಾಲೆ ಕಾಲೇಜುಗಳನ್ನು ನಡೆಸುತ್ತದೆ. ಮೈದಾನದ ಪಕ್ಕದ ಸರೋಜಿನಿ ನಾಯ್ಡು ವನಿತಾ ಮಹಾವಿದ್ಯಾಲಯ ಅವುಗಳಲ್ಲಿ ಒಂದು.

ಸಂಸ್ಥಾನದ ಬಾಳು ಸಾವಿನ ಪ್ರಶ್ನೆ ಎದುರಿದ್ದಾಗ ಪ್ರದರ್ಶನಕ್ಕೆ ಮೈದಾನ ಕೊಡುವ ಮಾತು ಯಾವ ಪಟ್ಟಿಯಲ್ಲೂ ಮೇಲೆ ಬರುವುದಿಲ್ಲ. ಆದರೂ ಅದು ಒಂದು ತೀರ್ಮಾನದಿಂದ ಮುಗಿಯುವ ಕೆಲಸವಾಗಿತ್ತು, ತೀರ್ಮಾನಿಸುವ ಅಧಿಕಾರ ಇದ್ದವರು ಅದನ್ನು ಮುಂದೂಡಲಿಲ್ಲ. ಭಾರ ಹೆಚ್ಚಾದಾಗ ಮನಸ್ಸು ದೊಡ್ಡದರ ಮುಂದೆ ಮರಗಟ್ಟಿ ನಿಂತು, ಕೈಗೆ ಎಟುಕುವ ಸಣ್ಣದನ್ನೂ ಕೆಡವಿಬಿಡುತ್ತದೆ. ಇಲ್ಲಿ ಹಾಗಾಗಲಿಲ್ಲ.

ದೊಡ್ಡ ಪ್ರಶ್ನೆಯ ವಿಷಯದಲ್ಲಿ ಸರ್ ಮಿರ್ಜಾ ಅವರ ಅಭಿಪ್ರಾಯ ಖಚಿತವಾಗಿತ್ತು. ಭಾರತದೊಂದಿಗೆ ಹೊಂದಾಣಿಕೆಗೆ ಬರುವುದೇ ಹೈದರಾಬಾದಿಗೆ ಕ್ಷೇಮ ಎಂದು ಅವರು ನಂಬಿದ್ದರು. ನಿಜಾಮರ ಮನಸ್ಸು ಬೇರೆ ಕಡೆ ವಾಲಿತ್ತು, ಇತ್ತೆಹಾದ್ ಬೆನ್ನು ಬಿಡಲಿಲ್ಲ. ಮೊದಲ ಕೆಲಸ ಯಾವುದೆಂದು ಅವರಿಗೆ ಗೊತ್ತಿತ್ತು. ಅದನ್ನು ಮಾಡುವ ಅಧಿಕಾರ ಅವರ ಕೈಯಲ್ಲಿರಲಿಲ್ಲ. 1947ರ ಮೇ ತಿಂಗಳಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಟರು. ಜೂನ್‌ನಲ್ಲಿ ನಿಜಾಮರ ಫರ್ಮಾನು ಸಂಸ್ಥಾನ ಸ್ವತಂತ್ರವಾಗಿ ಉಳಿಯುತ್ತದೆ ಎಂದು ಸಾರಿತು. ಮುಂದಿನ ವರ್ಷ ಇತ್ತೆಹಾದಿನ ಸ್ವಯಂಸೇವಕ ಪಡೆಯಾದ ರಜಾಕಾರರ ಹಾವಳಿಯಲ್ಲಿ ಬೀದರ್, ಕಲಬುರಗಿ, ರಾಯಚೂರಿನ ಹಳ್ಳಿಗಳು ಉಂಡ ಸಂಕಟವನ್ನು ಅಲ್ಲಿನ ಹಿರಿಯರು ಮೊಮ್ಮಕ್ಕಳಿಗೆ ಹೇಳಿದ್ದಾರೆ. 1948ರ ಸೆಪ್ಟೆಂಬರ್ 17ರಂದು, ಪೊಲೀಸ್ ಕಾರ್ಯಾಚರಣೆಯ ಕೊನೆಗೆ, ನಿಜಾಮರು ಕದನವಿರಾಮ ಸಾರಿದರು.

ರಾಜೀನಾಮೆಯನ್ನು ಕೆಲವರು ಸೋಲು ಎನ್ನುತ್ತಾರೆ. ಇನ್ನೂ ಸ್ವಲ್ಪ ಕಾಲ ನಿಂತು ತಿದ್ದಬಹುದಿತ್ತು ಎನ್ನುವವರೂ ಇದ್ದಾರೆ. ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಮುಖ್ಯ ಕೆಲಸವನ್ನು ಮಾಡಗೊಡದ ಕುರ್ಚಿಯಲ್ಲಿ ಉಳಿದು, ಉಳಿದ ಐವತ್ತು ಕೆಲಸಗಳಲ್ಲಿ ಮುಳುಗಿ, ತಾನು ದುಡಿಯುತ್ತಿದ್ದೇನೆಂಬ ಸಮಾಧಾನದಲ್ಲಿ ದಿನ ನೂಕುವುದು ಇನ್ನೂ ಸುಲಭವಿತ್ತು. ಅವರು ಆ ಸುಲಭದ ದಾರಿ ಹಿಡಿಯಲಿಲ್ಲ. ಅವರ ಜಾಗಕ್ಕೆ ಛತಾರಿಯ ನವಾಬರು ಬಂದರು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ, ಭಾರತದೊಂದಿಗೆ ಒಪ್ಪಂದದ ಮಾತು ನಡೆದಿದ್ದಾಗ, ಉದ್ರಿಕ್ತ ಗುಂಪು ನವಾಬರ ಮನೆಯನ್ನು ಸುತ್ತುವರಿಯಿತು. ಆ ಹುದ್ದೆಯಲ್ಲಿ ಅಧಿಕಾರ ಎಷ್ಟು ಉಳಿದಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸರ್ ಮಿರ್ಜಾ ತಮ್ಮ ನೆನಪುಗಳನ್ನು ಪ್ರಕಟಿಸಿದ 1954ರಲ್ಲೇ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಇವಾನ್‌ಸ್ಟನ್ ನಗರದ ಒಂದು ಭಾಷಣದಲ್ಲಿ ತುರ್ತಿನ ಕೆಲಸ ಮತ್ತು ಮುಖ್ಯ ಕೆಲಸಗಳ ಅಂತರವನ್ನು ಪ್ರಸ್ತಾಪಿಸಿದರು. ಆ ಮಾತು ಮುಂದೆ ನಾಲ್ಕು ಚೌಕಗಳ ಕೋಷ್ಟಕವಾಗಿ, ಸ್ಟೀಫನ್ ಕೋವೀ ಅವರ 1989ರ ಪುಸ್ತಕದ ಮೂಲಕ ಜಗತ್ತಿನ ಕಚೇರಿಗಳನ್ನೆಲ್ಲ ಹೊಕ್ಕಿತು. ಬೆಂಗಳೂರಿನ, ಹೈದರಾಬಾದಿನ ಐಟಿ ಕಂಪನಿಗಳ ತರಬೇತಿಯಲ್ಲಿ ಈ ಕೋಷ್ಟಕವನ್ನು ಬಿಡಿಸದ ಕನ್ನಡಿಗ ಮ್ಯಾನೇಜರುಗಳು ಕಡಿಮೆ. ಕೋಷ್ಟಕ ಒಳ್ಳೆಯದೇ. ಆದರೆ ತುರ್ತು, ಮುಖ್ಯ ಎಂಬೆರಡು ಅಳತೆಗಳಲ್ಲಿ ಎರಡು ಸಂಗತಿ ಬಿಟ್ಟುಹೋಗುತ್ತವೆ. ಯಾವ ಕೆಲಸದ ಉತ್ತರಕ್ಕೆ ಬೇರೆ ಕೆಲಸಗಳು ಕಾದಿವೆ ಎಂಬುದು ಒಂದು. 1909ರ ಮೂರು ಕೆಲಸಗಳೂ ಮುಖ್ಯವೇ, ಮೂರೂ ತುರ್ತೇ, ಚೌಕದಲ್ಲಿ ಮೂರೂ ಒಂದೇ ಮನೆಯಲ್ಲಿ ಕೂರುತ್ತಿದ್ದವು. ಅವುಗಳನ್ನು ಬೇರ್ಪಡಿಸಿದ್ದು ಒಂದರ ಮೇಲೊಂದರ ಅವಲಂಬನೆ. ಈ ಕೆಲಸ ತನ್ನ ಕೈಯಲ್ಲಿ ಇದೆಯೋ ಇಲ್ಲವೋ ಎಂಬುದು ಇನ್ನೊಂದು. 1947ರ ಮೇ ತಿಂಗಳಲ್ಲಿ ಸರ್ ಮಿರ್ಜಾ ಎದುರಿಸಿದ್ದು ಅದನ್ನೇ.

ಇಂದಿನ ಜಿಲ್ಲಾಧಿಕಾರಿ, ಆಸ್ಪತ್ರೆಯ ಸೂಪರಿಂಟೆಂಡೆಂಟ್, ಶಾಲೆಯ ಹೆಡ್ಮಾಸ್ತರು ಎದುರಿಸುವ ದಿನ ಇದಕ್ಕಿಂತ ಬೇರೆಯಲ್ಲ. ಬೆಳಿಗ್ಗೆ ಏಳುವ ಮೊದಲೇ ಮೊಬೈಲಿನಲ್ಲಿ ನೂರು ಸಂದೇಶ, ಹತ್ತು ಗಂಟೆಗೆ ವಿಡಿಯೊ ಸಭೆ, ಮಧ್ಯಾಹ್ನ ಮಂತ್ರಿಗಳ ಭೇಟಿ, ಸಂಜೆ ವರದಿ. ಯಾರು ಜೋರಾಗಿ ಕೂಗುತ್ತಾರೋ ಅವರ ಕೆಲಸ ಮೊದಲಾಗುತ್ತದೆ. ಕೂಗಲಾರದವರು ಪಟ್ಟಿಯ ಕೊನೆಗೆ ಹೋಗುತ್ತಾರೆ. ವಿಶ್ವೇಶ್ವರಯ್ಯನವರ ಆ ಐದೂವರೆ ತಿಂಗಳು ಇಂಥವರಿಗೆ ನಿಜವಾದ ಆಸರೆಯಾಗಬಲ್ಲದು. ಅವರು ಹೆಚ್ಚು ಗಂಟೆ ದುಡಿದದ್ದಕ್ಕೆ ಮಾತ್ರವಲ್ಲ, ಕಣ್ಣಿಗೆ ರಾಚುವ ಕೆಲಸವನ್ನು ಬೇರೆಯವರಿಗೆ ಬಿಟ್ಟು ನದಿಯ ಮೇಲ್ಭಾಗಕ್ಕೆ ಹೋಗುವ ಧೈರ್ಯ ಮಾಡಿದ್ದಕ್ಕೆ.

ಆ ಧೈರ್ಯ ಹೈದರಾಬಾದಿಗೆ ಈಗ ಮತ್ತೆ ಬೇಕಾಗಿದೆ. 2000ದ ಆಗಸ್ಟ್‌ನಲ್ಲಿ ಊರು ಮುಳುಗಿತು, 2020ರ ಅಕ್ಟೋಬರ್‌ನಲ್ಲಿ ಮತ್ತೆ ಮುಳುಗಿತು. ಒತ್ತುವರಿಯಾದ ಕೆರೆಗಳೂ ಇಕ್ಕಟ್ಟಾದ ನಾಲಾಗಳೂ ನೀರಿಗೆ ದಾರಿ ಕೊಡಲಿಲ್ಲ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ದೊಡ್ಡ ಕಟ್ಟಡಗಳಿಗೆ ತಡೆಯೊಡ್ಡಿ 1996ರಲ್ಲಿ ಹೊರಟಿದ್ದ 111ನೇ ಸರ್ಕಾರಿ ಆದೇಶದ ನಿರ್ಬಂಧಗಳನ್ನು 2022ರ ಏಪ್ರಿಲ್‌ನಲ್ಲಿ ತೆಗೆಯಲಾಯಿತು. ಆ ಹಳ್ಳಿಗಳ ರೈತರಿಗೂ ನ್ಯಾಯವಾದ ದೂರುಗಳಿದ್ದವು, ಅವರ ಜಮೀನಿನ ಬೆಲೆ ವರ್ಷಗಟ್ಟಲೆ ಏಳಲಿಲ್ಲ. ಹೊಸ ರಸ್ತೆ, ಮೆಟ್ರೊ, ಮೇಲ್ಸೇತುವೆ, ನದಿ ದಂಡೆಯ ಸೌಂದರ್ಯೀಕರಣ ಎಲ್ಲಕ್ಕೂ ಒತ್ತಾಯವಿದೆ, ಎಲ್ಲಕ್ಕೂ ಗುತ್ತಿಗೆದಾರರಿದ್ದಾರೆ. ಜಲಾನಯನದ ಪರವಾಗಿ ಕಚೇರಿಯ ಬಾಗಿಲಲ್ಲಿ ಸರದಿ ನಿಲ್ಲುವವರು ವಿರಳ. ನಗರದ ಕೆಲಸಗಳ ಪಟ್ಟಿ ಹಿಡಿದು ಕುಳಿತ ಅಧಿಕಾರಿಗಳು 1909ರ ಅಕ್ಟೋಬರ್‌ನ ಆ ವರದಿಯನ್ನು ಒಮ್ಮೆ ತರಿಸಿ ಓದಲಿ. ಈ ಸಲದ ಮಳೆಗಾಲಕ್ಕೆ ಮುಂಚೆ ಎಷ್ಟು ಕೆರೆಗಳು ಉಳಿದಿವೆ, ಅವುಗಳ ಕೋಡಿ ತೆರೆದಿದೆಯೇ, ನೀರು ಯಾವ ದಾರಿಯಲ್ಲಿ ಊರಿಗೆ ಇಳಿಯುತ್ತದೆ ಎಂಬ ಲೆಕ್ಕ ತೆಗೆಸಲಿ. ಮೇಲ್ಸೇತುವೆಯ ಕಡತ ಅದಾದ ಮೇಲೆ ಬರಬಹುದು.